ಸಾಲ ತೀರಿದ ಮೇಲೆ ಹೊಲದಲ್ಲಿ ಉಳಿಯುವುದೇನು?

ಕೃಷಿಗೆ ಹರಿಯುವ ಸಾಲದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಆ ಹಣ ದೇಶದ ಆರ್ಥಿಕತೆಯನ್ನು ಬೆಳೆಸುವುದು ಯಾವಾಗ, ಲೆಕ್ಕದ ಪುಸ್ತಕದಲ್ಲಷ್ಟೇ ಸುತ್ತುವುದು ಯಾವಾಗ? ನೂರಕ್ಕೂ ಹೆಚ್ಚು ವರ್ಷಗಳ ನಮ್ಮ ಅನುಭವದಲ್ಲೇ ಇದಕ್ಕೆ ಉತ್ತರವಿದೆ.

ಮಾರ್ಚ್ ಕೊನೆಯ ವಾರ ಹಳ್ಳಿಯ ಸೊಸೈಟಿ ಮುಂದೆ ಜನ ಸೇರಿರುತ್ತಾರೆ. ಹೋದ ವರ್ಷ ಎತ್ತಿದ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ಮತ್ತೆ ಹೊಸ ಸಾಲವೂ ಸಿಗುತ್ತದೆ. ಗಡುವು ಮೀರಿದರೆ ಸುಸ್ತಿದಾರರ ಪಟ್ಟಿಗೆ ಹೆಸರು ಸೇರುತ್ತದೆ. ಬೆಳೆ ಮಾರಿ ಬಂದ ದುಡ್ಡು ಮನೆಖರ್ಚಿಗೆ, ಮಕ್ಕಳ ಕಾಲೇಜು ಫೀಗೆ, ಗೊಬ್ಬರದಂಗಡಿ ಬಾಕಿಗೆ ಆಗಲೇ ಕರಗಿರುತ್ತದೆ. ಹಾಗಾಗಿ ಊರಲ್ಲೇ ಒಬ್ಬರ ಹತ್ತಿರ ನಾಲ್ಕೈದು ದಿನಕ್ಕೆಂದು ಕೈಸಾಲ ತಂದು ಸೊಸೈಟಿಗೆ ಕಟ್ಟುತ್ತಾರೆ. ಹೊಸ ಸಾಲ ಮಂಜೂರಾದ ಕೂಡಲೇ ಅದನ್ನು ಎತ್ತಿ ಕೈಸಾಲ ತೀರಿಸುತ್ತಾರೆ. ಎರಡು ಲಕ್ಷ ರೂಪಾಯಿಯನ್ನು ಹೀಗೆ ತಿರುಗಿಸಲು ನೂರಕ್ಕೆ ಎರಡು ರೂಪಾಯಿ ಕೊಟ್ಟರೂ ನಾಲ್ಕು ಸಾವಿರ ಹೋಯಿತು. ಬಡ್ಡಿಯಿಲ್ಲದ ಸಾಲಕ್ಕೂ ಬಡ್ಡಿ ಬಿತ್ತು. ಜನ ಇದನ್ನು ರಿನಿವಲ್ ಮಾಡಿಸುವುದು ಎನ್ನುತ್ತಾರೆ.

ಲೆಕ್ಕದ ಪ್ರಕಾರ ಅಲ್ಲಿ ಒಂದು ಸಾಲ ಪೂರ್ತಿ ವಸೂಲಾಗಿದೆ, ಇನ್ನೊಂದು ಸಾಲ ಹೊಸದಾಗಿ ವಿತರಣೆಯಾಗಿದೆ. ಜಿಲ್ಲೆಯ ಗುರಿ ಮುಟ್ಟಿದೆ. ಹೊಲಕ್ಕೆ ಮಾತ್ರ ಒಂದು ಕಾಳು ಬೀಜವೂ ಬಿದ್ದಿಲ್ಲ.

ದೇಶದ ಮಟ್ಟದ ಅಂಕಿಗಳನ್ನು ಓದುವಾಗ ಈ ನೋಟವನ್ನು ಮರೆಯಬಾರದು. 2003-04ರಲ್ಲಿ ಬ್ಯಾಂಕುಗಳು ಮತ್ತು ಸಹಕಾರ ಸಂಸ್ಥೆಗಳು ಕೃಷಿಗೆ ವಿತರಿಸಿದ ಸಾಲ ಸುಮಾರು 87 ಸಾವಿರ ಕೋಟಿ ರೂಪಾಯಿ. 2023-24ರಲ್ಲಿ ಅದು 25 ಲಕ್ಷ ಕೋಟಿ ದಾಟಿತು. ಬೆಲೆ ಏರಿಕೆಯನ್ನು ಕಳೆದು ನೋಡಿದರೂ ಇದು ಹಲವು ಪಟ್ಟು ಹೆಚ್ಚಳ. ಆದರೆ ಇದೇ ಅವಧಿಯಲ್ಲಿ ಕೃಷಿಯ ಬೆಳವಣಿಗೆ ದರ ಸರಾಸರಿ ಶೇ 3-4ರ ಆಸುಪಾಸಿನಲ್ಲೇ ಉಳಿಯಿತು. ದೇಶದ ದುಡಿಯುವವರಲ್ಲಿ ಶೇ 46ರಷ್ಟು ಮಂದಿ ಇವತ್ತಿಗೂ ಕೃಷಿಯಲ್ಲಿದ್ದಾರೆ. ಆರ್ಥಿಕತೆಯಲ್ಲಿ ಕೃಷಿಯ ಪಾಲು ಮಾತ್ರ ಶೇ 18ರ ಸುತ್ತಮುತ್ತ. ಅರ್ಧದಷ್ಟು ಜನ ಐದನೇ ಒಂದು ಪಾಲಿಗಿಂತ ಕಡಿಮೆ ಆದಾಯವನ್ನು ಹಂಚಿಕೊಂಡು ಬದುಕುತ್ತಿರುವಾಗ, ಅವರ ಕೈಗೆ ಹೋಗುವ ಬಂಡವಾಳ ಎಂಥದ್ದು ಎಂಬುದು ಇಡೀ ದೇಶದ ಬೆಳವಣಿಗೆಯ ಪ್ರಶ್ನೆ.

ಎಷ್ಟು ಸಾಲ ಕೊಟ್ಟೆವು ಎಂದು ಎಣಿಸುವುದನ್ನೇ ನಾವು ಅಭ್ಯಾಸ ಮಾಡಿಕೊಂಡಿದ್ದೇವೆ. ಸಾಲ ತೀರಿದ ಮೇಲೆ ರೈತನ ಹತ್ತಿರ ಏನು ಉಳಿಯಿತು ಎಂದು ಎಣಿಸಬೇಕು. ಬಾವಿ ಉಳಿಯಿತೇ, ಹಸು ಉಳಿಯಿತೇ, ಬೆಲೆ ಬರುವವರೆಗೆ ಕಾಯುವ ತಾಕತ್ತು ಉಳಿಯಿತೇ? ಕೃಷಿ ಹಣಕಾಸಿನಿಂದ ದೇಶ ಬೆಳೆಯುತ್ತದೋ ಇಲ್ಲವೋ ಎಂಬುದು ನಿಂತಿರುವುದು ಇದರ ಮೇಲೆ.

ಗದಗದ ಒಂದು ಹಳ್ಳಿಯಿಂದ

ಈ ಕಥೆಯ ಬೇರು ನಮ್ಮ ಬಯಲುಸೀಮೆಗೆ ಹತ್ತಿರದಲ್ಲೇ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಮುಂಬಯಿ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂತು, ಸಾಹುಕಾರರು ಧಾರಾಳವಾಗಿ ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಬಿತ್ತು, ಸಾಲ ನಿಂತುಹೋಯಿತು, ಹಳೆಯ ಬಾಕಿಗೆ ಬಡ್ಡಿ ಚಕ್ರಬಡ್ಡಿ ಏರಿತು. 1875ರಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ಶುರುವಾದ ದಂಗೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಬ್ರಿಟಿಷ್ ಸರ್ಕಾರ 1879ರಲ್ಲಿ ರೈತರ ರಕ್ಷಣೆಗೆ ಕಾಯ್ದೆ ತಂದಿತು. 1883 ಮತ್ತು 1884ರಲ್ಲಿ, ಸರ್ಕಾರವೇ ರೈತರಿಗೆ ಕೊಡುವ ತಗಾವಿ ಸಾಲದ ಕಾಯ್ದೆಗಳು ಬಂದವು. ಸಾಹುಕಾರನ ಕೈ ಕಟ್ಟಿದ್ದಾಯಿತು, ಆದರೆ ಬಿತ್ತನೆಯ ಹೊತ್ತಿಗೆ ಅವನ ಬದಲು ದುಡ್ಡು ಕೊಡುವವರು ಸಾಕಷ್ಟು ಇರಲಿಲ್ಲ.

ಆ ಜಾಗ ತುಂಬಲು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರು ವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಮನ್ನಣೆ ಅದಕ್ಕಿದೆ. ಊರಿನವರ ಉಳಿತಾಯವನ್ನು ಊರಿನವರೇ ಜಾಮೀನಾಗಿ ನಿಂತು ಊರಿನವರಿಗೇ ಕೊಡುವುದು ಇಂಥ ಸಂಘಗಳ ಪದ್ಧತಿ. ಯಾರು ಎಷ್ಟು ಎಕರೆ ಬಿತ್ತುತ್ತಾರೆ, ಯಾರ ಎತ್ತು ಸತ್ತಿದೆ, ಯಾರು ಸಾಲ ತಂದು ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂಬುದು ಪಕ್ಕದ ಮನೆಯವನಿಗೆ ಗೊತ್ತಿರುವಷ್ಟು ಪೇಟೆಯ ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಆ ತಿಳಿವಳಿಕೆಯೇ ಸಂಘದ ನಿಜವಾದ ಬಂಡವಾಳವಾಗಿತ್ತು.

ಆದರೂ ಅರ್ಧ ಶತಮಾನ ಕಳೆದ ಮೇಲೆ ಸಿಕ್ಕ ಲೆಕ್ಕ ನಿರಾಸೆಯದು. ಎ.ಡಿ. ಗೋರವಾಲಾ ಅಧ್ಯಕ್ಷತೆಯ ಸಮಿತಿ 1951-52ರ ಸಮೀಕ್ಷೆ ಆಧರಿಸಿ 1954ರಲ್ಲಿ ಕೊಟ್ಟ ವರದಿಯಂತೆ, ರೈತರು ತಂದ ಸಾಲದಲ್ಲಿ ಸರ್ಕಾರ, ಸಹಕಾರ ಸಂಘ, ಬ್ಯಾಂಕು ಮೂರೂ ಸೇರಿ ಕೊಟ್ಟಿದ್ದು ಶೇ 7ಕ್ಕಿಂತ ಸ್ವಲ್ಪ ಹೆಚ್ಚು. ವಾಣಿಜ್ಯ ಬ್ಯಾಂಕುಗಳ ಪಾಲು ಶೇ 1ನ್ನೂ ಮುಟ್ಟಿರಲಿಲ್ಲ. ಸುಮಾರು ಶೇ 70ರಷ್ಟು ಸಾಲ ಬಂದಿದ್ದು ಲೇವಾದೇವಿಗಾರರಿಂದ. ಸ್ವತಂತ್ರ ಭಾರತ ಆಹಾರಕ್ಕೆ ಹೊರದೇಶದ ಹಡಗು ಕಾಯಬೇಕಾಗಿ ಬಂದುದಕ್ಕೆ ಮಳೆಯೊಂದೇ ಕಾರಣವಲ್ಲ. ಬಾವಿ ತೋಡಿಸಲು, ಒಳ್ಳೆಯ ಬೀಜ ತರಲು ದುಡ್ಡು ಬೇಕಾದವನ ಮುಂದೆ ಸಾಹುಕಾರನ ಬಾಗಿಲು ಬಿಟ್ಟರೆ ಬೇರೆ ಬಾಗಿಲು ಹೆಚ್ಚಾಗಿ ಇರಲಿಲ್ಲ.

ನಾಲ್ಕು ಹಳ್ಳಿಗೆ ನಾಲ್ಕು ಶಾಖೆ

ದೊಡ್ಡ ತಿರುವು ಬಂದಿದ್ದು 1969ರ ಜುಲೈ 19ರಂದು. ಅಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, ಎರಡೂ ಅವಿಭಜಿತ ದಕ್ಷಿಣ ಕನ್ನಡದವು. 1980ರ ಎರಡನೇ ಸುತ್ತಿನಲ್ಲಿ ಅದೇ ಜಿಲ್ಲೆಯ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ಸೇರಿದವು. ಸಣ್ಣ ಜನರ ಸಣ್ಣ ದುಡ್ಡನ್ನು ನಂಬಿ ಬ್ಯಾಂಕು ಕಟ್ಟಬಹುದೆಂದು ಕರಾವಳಿ ಮೊದಲೇ ತೋರಿಸಿತ್ತು. ಮುಂದೆ ಸಿಂಡಿಕೇಟ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಿತು. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರು ವಿಜಯಾ ಬ್ಯಾಂಕ್ ಕಟ್ಟಿದ್ದು, ಜಗತ್ತಿನ ಆರ್ಥಿಕ ಕುಸಿತದಲ್ಲಿ ನಲುಗಿದ್ದ ಜಿಲ್ಲೆಯ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು. ದೇಶದ ಮೊದಲ ಗ್ರಾಮೀಣ ಬ್ಯಾಂಕು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತೆರೆದಾಗ ಅದರ ಪ್ರಾಯೋಜಕತ್ವ ವಹಿಸಿದ್ದೂ ಸಿಂಡಿಕೇಟ್ ಬ್ಯಾಂಕೇ.

1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ಈಗಾಗಲೇ ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ಶಾಖೆ ತೆರೆಯಬೇಕು. 1990ರವರೆಗೆ ನಡೆದ ಈ ನಿಯಮದ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಾಜ್ಯವಾರು ಅಳೆದರು. ಬ್ಯಾಂಕಿಲ್ಲದ ಹಳ್ಳಿಗಳಲ್ಲಿ ಶಾಖೆ ತೆರೆದ ಕಡೆ ಗ್ರಾಮೀಣ ಬಡತನ ಇಳಿದಿತ್ತು, ಉತ್ಪಾದನೆ ಏರಿತ್ತು. ಏರಿಕೆ ಎದ್ದು ಕಂಡಿದ್ದು ಕೃಷಿಯೇತರ ವಲಯದಲ್ಲಿ.

ಕೃಷಿಗೆಂದು ತೆರೆದ ಬ್ಯಾಂಕಿನಿಂದ ಕೃಷಿಯ ಹೊರಗೆ ಬೆಳವಣಿಗೆ ಬಂದಿದ್ದು ಯಾಕೆ? ಹಳ್ಳಿಗೆ ಬಂದ ದುಡ್ಡು ಒಂದೇ ಹೊಲದಲ್ಲಿ ಕೂರುವುದಿಲ್ಲ. ಪಂಪ್‌ಸೆಟ್ ಬಂದರೆ ಅದನ್ನು ರಿಪೇರಿ ಮಾಡುವವನು ಬೇಕು. ಬೆಳೆ ಹೆಚ್ಚಾದರೆ ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಟೆಂಪೊ ಬೇಕು. ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಹೋಬಳಿಯಲ್ಲಿ ಬಟ್ಟೆ ಅಂಗಡಿ, ಸಿಮೆಂಟ್ ಅಂಗಡಿ ಏಳುತ್ತವೆ. ಆಹಾರ ಅಗ್ಗವಾಗಿ ಸಿಕ್ಕರೆ ಪಟ್ಟಣದ ಕಾರ್ಮಿಕನ ಕೂಲಿಯ ಬೆಲೆ ಉಳಿಯುತ್ತದೆ. ಆಗ ಹೊಲದಲ್ಲಿ ಹೆಚ್ಚುವರಿಯಾದ ಕೈಗಳಿಗೆ ಬೇರೆ ಕೆಲಸ ಸಿಗುತ್ತದೆ. ಆ ಕಾಲದ ಸಾಲದಲ್ಲಿ ವಾಪಸಾಗದ ಪಾಲೂ ದೊಡ್ಡದಿತ್ತು ಎಂಬುದು ನಿಜ. ಬ್ಯಾಂಕುಗಳಿಗೆ ಆ ಶಾಖೆಗಳು ಲಾಭ ತರಲಿಲ್ಲ, ಊರುಗಳಿಗೆ ತಂದವು.

ಹಾಲಿನ ಬಿಲ್ಲು ಕಲಿಸಿದ ಪಾಠ

ಸಾಲ ಹೇಗೆ ಆಸ್ತಿಯಾಗುತ್ತದೆ ಎಂಬುದನ್ನು ಕೋಲಾರ, ಮಂಡ್ಯ, ತುಮಕೂರು, ಹಾಸನದ ಹಾಲಿನ ಡೇರಿಗಳಲ್ಲಿ ನೋಡಬೇಕು. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. ಮುಂದೆ ಅದೇ ದಾರಿಯಲ್ಲಿ ಹಾಲು ಮಹಾಮಂಡಳಿ ಬೆಳೆಯಿತು. ಒಂದು ಹೆಣ್ಣುಮಗಳು ಮಿಶ್ರತಳಿ ಹಸುವಿಗೆ ಸಾಲ ತೆಗೆಯುತ್ತಾಳೆ ಎನ್ನಿ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾಳೆ. ಅಲ್ಲಿ ಫ್ಯಾಟು ನೋಡಿ ಅಳತೆ ಬರೆಯುತ್ತಾರೆ. ಹಾಲಿನ ಬಿಲ್ಲು ಕೆಲವೇ ದಿನಗಳ ಅಂತರದಲ್ಲಿ ಖಾತೆಗೆ ಬೀಳುತ್ತದೆ. ಸಾಲದ ಕಂತು ಅದರಲ್ಲೇ ಕಡಿತವಾಗುತ್ತದೆ. ಹಸುವಿಗೆ ಜ್ವರ ಬಂದರೆ ಒಕ್ಕೂಟದ ಪಶುವೈದ್ಯರಿದ್ದಾರೆ, ಹಸುವಿಗೆ ವಿಮೆ ಇದೆ, ಹಿಂಡಿ ಅದೇ ಸಂಘದಲ್ಲಿ ಸಿಗುತ್ತದೆ. ಸಾಲ ತೀರುವ ಹೊತ್ತಿಗೆ ಹಸು ಉಳಿದಿರುತ್ತದೆ, ಕರು ಬೆಳೆದಿರುತ್ತದೆ, ಕೊಟ್ಟಿಗೆಗೆ ಸಿಮೆಂಟಿನ ನೆಲ ಬಂದಿರುತ್ತದೆ.

ಇಲ್ಲಿ ಸಾಲ ಒಂಟಿಯಾಗಿ ಬರಲಿಲ್ಲ. ಕೊಳ್ಳುವವರು, ವೈದ್ಯರು, ಮೇವು, ವಿಮೆ, ಸಕಾಲಕ್ಕೆ ಹಣ ಎಲ್ಲವೂ ಜೊತೆಯಾಗಿ ಬಂದವು. ಕಂತು ಕಟ್ಟುವ ದಿನ ಮತ್ತು ದುಡ್ಡು ಬರುವ ದಿನ ಹೊಂದಿಕೊಂಡವು. 1950-51ರಲ್ಲಿ 1.7 ಕೋಟಿ ಟನ್ ಹಾಲು ಕರೆಯುತ್ತಿದ್ದ ದೇಶ 2023-24ರಲ್ಲಿ 23.9 ಕೋಟಿ ಟನ್ ಕರೆಯಿತು. ಇದರ ಹಿಂದೆ ಸಾಲವೂ ಇತ್ತು, ಆದರೆ ಸಾಲವೊಂದೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಬಾವಿಗೆ ಇಲ್ಲ, ಗೊಬ್ಬರಕ್ಕೆ ಉಂಟು

ಹೀಗೆ ಆಸ್ತಿ ಕಟ್ಟುವ ಸಾಲದ ಪಾಲು ಮಾತ್ರ ವರ್ಷ ಕಳೆದಂತೆ ಇಳಿದಿದೆ. ರಿಸರ್ವ್ ಬ್ಯಾಂಕಿನ ಆಂತರಿಕ ಕಾರ್ಯತಂಡ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, 2000ದಲ್ಲಿ ಕೃಷಿ ಸಾಲದ ಸುಮಾರು ಅರ್ಧ ಅಲ್ಪಾವಧಿಯದಾಗಿತ್ತು. 2018ರ ಹೊತ್ತಿಗೆ ಅದು ಮುಕ್ಕಾಲು ಪಾಲಾಯಿತು. ಬಾವಿ, ಹನಿ ನೀರಾವರಿ, ತೋಟ, ಯಂತ್ರ, ಗೋದಾಮು ಇವಕ್ಕೆಲ್ಲ ಸೇರಿ ಉಳಿದಿದ್ದು ಕಾಲು ಭಾಗ. ಕೆಲವು ರಾಜ್ಯಗಳಲ್ಲಿ ಕೃಷಿ ಸಾಲದ ಮೊತ್ತ ಆ ರಾಜ್ಯದ ಕೃಷಿ ಉತ್ಪನ್ನದ ಮೌಲ್ಯವನ್ನೇ ಮೀರಿತ್ತು. ಪೂರ್ವ ಮತ್ತು ಈಶಾನ್ಯ ರಾಜ್ಯಗಳಲ್ಲಿ ಸಾಲ ತೀರಾ ಕಡಿಮೆ ಇತ್ತು.

ಬ್ಯಾಂಕಿಗೆ ಬೆಳೆ ಸಾಲ ಸುಲಭ. ಎಕರೆಗೆ ಇಷ್ಟು ಎಂಬ ದರವಿದೆ, ಕೇಂದ್ರದ ಬಡ್ಡಿ ಸಹಾಯಧನವಿದೆ, ಕರ್ನಾಟಕದ ಸಹಕಾರ ಸಂಘಗಳಲ್ಲಿ 2023ರ ಬಜೆಟ್‌ನಿಂದ 5 ಲಕ್ಷ ರೂಪಾಯಿವರೆಗೆ ಬಡ್ಡಿಯೇ ಇಲ್ಲವೆಂಬ ಘೋಷಣೆಯಿದೆ. ವರ್ಷದೊಳಗೆ ಲೆಕ್ಕ ಮುಗಿಯುತ್ತದೆ. ಬಾವಿ ಸಾಲ ಹಾಗಲ್ಲ. ಜಾಗ ನೋಡಬೇಕು, ನೀರು ಬರುವುದೇ ಎಂದು ತಿಳಿಯಬೇಕು, ಏಳೆಂಟು ವರ್ಷ ಕಾಯಬೇಕು. ಸುಲಭದ ದಾರಿಗೆ ಸರ್ಕಾರವೂ ಬ್ಯಾಂಕೂ ಒಟ್ಟಿಗೆ ಇಳಿದಿವೆ.

ಇನ್ನೊಂದು ಸೋರಿಕೆ ಪಹಣಿಯಲ್ಲಿದೆ. ಸಾಲಕ್ಕೆ ಪಹಣಿ ಬೇಕು. 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣೆ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದು ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ. ಅದೇ ಕಾಯ್ದೆ, ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಉಳಿದವರ ಜಮೀನಿನಲ್ಲಿ ಹೊಸ ಗೇಣಿಯನ್ನು ನಿಷೇಧಿಸಿತು. ಇವತ್ತು ಊರು ಬಿಟ್ಟು ಬೆಂಗಳೂರು ಸೇರಿದವರ ಹೊಲವನ್ನು ಲಾವಣಿಗೋ ಪಾಲಿಗೋ ಮಾಡುವವರು ಊರೂರಲ್ಲಿದ್ದಾರೆ. ಎಲ್ಲವೂ ಬಾಯಿಮಾತಿನ ಕರಾರು. ಬಿತ್ತುವವನು ಒಬ್ಬ, ಪಹಣಿ ಇನ್ನೊಬ್ಬನದು. ಬಡ್ಡಿಯಿಲ್ಲದ ಸಾಲ, ಬರ ಪರಿಹಾರ ಪಹಣಿ ಇರುವವನ ಹೆಸರಿಗೆ ಹೋಗುತ್ತವೆ. ನಷ್ಟ ಬಿತ್ತಿದವನ ತಲೆಗೆ ಬರುತ್ತದೆ.

ಸ್ವಂತ ಜಮೀನಿದ್ದವರಿಗೂ ತೊಡಕು ತಪ್ಪಿಲ್ಲ. ತೀರಿಹೋದ ಅಜ್ಜನ ಹೆಸರಲ್ಲೇ ಖಾತೆ ಉಳಿದಿರುತ್ತದೆ. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಒಬ್ಬ ಸಹಿ ಹಾಕುವುದಿಲ್ಲ. ಕಳೆ ತೆಗೆದು, ನಾಟಿ ಮಾಡಿ, ಕೊಯ್ದು, ಒಕ್ಕುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಹೆಸರು ಪಹಣಿಯ ಕಾಲಂನಲ್ಲಿ ಇಲ್ಲವೇ ಇಲ್ಲ. ಸುಮಾರು 2 ಕೋಟಿ ಪಹಣಿಗಳನ್ನು 'ಭೂಮಿ' ಯೋಜನೆಯಲ್ಲಿ ಗಣಕೀಕರಿಸಿ ದೇಶಕ್ಕೆ ಮಾದರಿಯಾದ ರಾಜ್ಯ ನಮ್ಮದು. ಆದರೆ ಕಂಪ್ಯೂಟರಿಗೆ ಏರಿದ್ದು ಇದ್ದ ದಾಖಲೆ. ಹೊಲದಲ್ಲಿ ನಿಜವಾಗಿ ದುಡಿಯುವವರ ಹೆಸರು ದಾಖಲೆಗೆ ಬರುವುದು ಇನ್ನೂ ಬಾಕಿ ಇದೆ.

ಸೊಸೈಟಿ, ಬ್ಯಾಂಕಿನ ಬಾಗಿಲು ಮುಚ್ಚಿದಾಗ ಇವರು ಎಲ್ಲಿಗೆ ಹೋಗುತ್ತಾರೆ? ಗೊಬ್ಬರದಂಗಡಿಯ ಉದ್ರಿ ಲೆಕ್ಕಕ್ಕೆ, ದಲಾಲಿ ಅಂಗಡಿಯ ಮುಂಗಡಕ್ಕೆ, ಒಡವೆ ಗಿರವಿಗೆ, ವಾರದ ಕಂತಿನ ಮೈಕ್ರೊಫೈನಾನ್ಸ್ ಸಾಲಕ್ಕೆ. ವಸೂಲಿಯ ಕಿರುಕುಳ ಮಿತಿಮೀರಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಿರುಕುಳ ಕೊಟ್ಟವರಿಗೆ ಶಿಕ್ಷೆ ಆಗಲೇಬೇಕು. ಆದರೆ ಸೊಸೈಟಿಯ ಬಾಗಿಲು ಮುಚ್ಚಿದ್ದರಿಂದಲೇ ಅನೇಕರು ಅಲ್ಲಿಗೆ ಹೋದರು ಎಂಬುದನ್ನು ಯಾವ ಸುಗ್ರೀವಾಜ್ಞೆಯೂ ಸರಿಪಡಿಸಲಾರದು.

2019ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಇದನ್ನೇ ಅಂಕಿಯಲ್ಲಿ ಹೇಳಿತು. ದೇಶದ ಕೃಷಿ ಕುಟುಂಬಗಳಲ್ಲಿ ಅರ್ಧದಷ್ಟು ಸಾಲದಲ್ಲಿದ್ದವು, ಕುಟುಂಬವೊಂದರ ಸರಾಸರಿ ಬಾಕಿ 74,121 ರೂಪಾಯಿ. ಬಾಕಿಯ ಶೇ 69.6ರಷ್ಟು ಬ್ಯಾಂಕು, ಸಹಕಾರ ಸಂಘದಂಥ ಸಂಸ್ಥೆಗಳದ್ದು. ಗೋರವಾಲಾ ಕಾಲದ ಶೇ 7ಕ್ಕೆ ಹೋಲಿಸಿದರೆ ಇದು ದೊಡ್ಡ ಸಾಧನೆ. ಆದರೆ ಕೃಷಿಗಾಗಿ ತೆಗೆದ ಪಾಲು ಶೇ 57.5 ಮಾತ್ರ. ಉಳಿದದ್ದು ಮದುವೆ, ಆಸ್ಪತ್ರೆ, ಮನೆ, ಓದು ಇಂಥವಕ್ಕೆ. ಇದನ್ನು ರೈತನ ತಪ್ಪೆಂದು ಎಣಿಸುವುದು ಅನ್ಯಾಯ. ಊರಿನ ಆಸ್ಪತ್ರೆ ಸರಿಯಿಲ್ಲದಿದ್ದರೆ ಬಿತ್ತನೆಯ ದುಡ್ಡು ನಗರದ ನರ್ಸಿಂಗ್ ಹೋಮಿಗೇ ಹೋಗುತ್ತದೆ.

ಮನ್ನಾ ಎಂಬ ಮದ್ದು

1990ರಲ್ಲಿ ಕೇಂದ್ರ ಸರ್ಕಾರ 10 ಸಾವಿರ ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಸುಮಾರು 3.7 ಕೋಟಿ ರೈತರ 52 ಸಾವಿರ ಕೋಟಿಗೂ ಹೆಚ್ಚು ಸಾಲದ ಹೊರೆ ಇಳಿಯಿತು. ಕರ್ನಾಟಕ 2018ರಲ್ಲಿ 2 ಲಕ್ಷ ರೂಪಾಯಿವರೆಗಿನ ಮನ್ನಾ ಘೋಷಿಸಿತು. 223 ತಾಲ್ಲೂಕುಗಳು ಬರಪೀಡಿತವಾದ 2023ರಂಥ ವರ್ಷದಲ್ಲಿ ರೈತನಿಗೆ ಪರಿಹಾರ ಕೊಡುವುದು ಸರ್ಕಾರದ ಧರ್ಮ. ಮಳೆ ಕೈಕೊಟ್ಟಿದ್ದಕ್ಕೆ ಅವನು ಸುಸ್ತಿದಾರನಾಗಬಾರದು.

ಆದರೆ ಮನ್ನಾದಿಂದ ಬೆಳವಣಿಗೆ ಬರುತ್ತದೆಂದು ನಂಬುವುದು ಬೇರೆ ಮಾತು. 2008ರ ಮನ್ನಾವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಮಾರ್ಟಿನ್ ಕಾಂಜ್‌ಗೆ, ಸಾಲ ತೀರಿದ ಕುಟುಂಬಗಳು ಹೊಲಕ್ಕೆ ಹೆಚ್ಚು ಹಣ ಹಾಕಿದ ಕುರುಹಾಗಲಿ, ಉತ್ಪಾದಕತೆ ಏರಿದ ಕುರುಹಾಗಲಿ ಸಿಗಲಿಲ್ಲ. ಚುನಾವಣೆ ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳ ಕೃಷಿ ಸಾಲ ಉಬ್ಬುತ್ತದೆ, ಉತ್ಪಾದನೆ ಮಾತ್ರ ಹೆಚ್ಚುವುದಿಲ್ಲ ಎಂದು ಶಾನ್ ಕೋಲ್ 2009ರಲ್ಲಿ ತೋರಿಸಿದರು. ಪಹಣಿ ಇಲ್ಲದೆ ಕೈಸಾಲ ಮಾಡಿದವನಿಗೆ, ಒಡವೆ ಗಿರವಿ ಇಟ್ಟವಳಿಗೆ ಬ್ಯಾಂಕಿನ ಬೆಳೆ ಸಾಲ ಮನ್ನಾ ಮುಟ್ಟುವುದೂ ಇಲ್ಲ. ಮನ್ನಾ ಹಳೆಯ ಪುಟವನ್ನು ಹರಿದು ಹಾಕುತ್ತದೆ. ಮುಂದಿನ ಬಿತ್ತನೆಗೆ ಅದೇ ಬಾವಿಯಿಲ್ಲದ ಹೊಲ, ಅದೇ ಸುಗ್ಗಿಯ ಬೆಲೆ ಕಾದಿರುತ್ತದೆ.

ಕಾಯುವ ತಾಕತ್ತು

ಸುಗ್ಗಿಯ ಬೆಲೆ ಏನು ಮಾಡಬಲ್ಲದು ಎಂಬುದನ್ನು 2024ರ ಮಾರ್ಚ್ 11ರಂದು ಬ್ಯಾಡಗಿ ಕಂಡಿತು. ಮೆಣಸಿನಕಾಯಿ ಬೆಲೆ ಕುಸಿದಿದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ಬೀಜ, ಔಷಧಿ, ಆಳು, ಬಾಡಿಗೆ ಎಂದು ಸಾಲದ ಮೇಲೆ ಸಾಲ ಹೊತ್ತು, ಚೀಲ ಹೇರಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಬಂದವನಿಗೆ ಅಂದಿನ ಬೆಲೆಗೆ ಮಾರುವುದು ಬಿಟ್ಟು ದಾರಿಯಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಅದೇ ಬ್ಯಾಡಗಿಯಲ್ಲಿ ಸಾಲುಸಾಲು ಶೀತಲಗೃಹಗಳಿವೆ. ಅಲ್ಲಿ ಕಾಯಿ ಇಟ್ಟು, ಅದರ ಮೇಲೆ ಸಾಲ ಎತ್ತಿ, ಬೆಲೆ ಬಂದಾಗ ಮಾರಬಲ್ಲವನಿಗೆ ಸುಗ್ಗಿಯ ಕುಸಿತವನ್ನು ದಾಟುವ ದಾರಿಯೊಂದಿದೆ.

ಗೋದಾಮಿನ ರಸೀದಿಯನ್ನೇ ಅಡಮಾನವಾಗಿ ಒಪ್ಪುವ ಕಾಯ್ದೆ 2007ರಲ್ಲೇ ಬಂದಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಈ ರಸೀದಿ ಸಾಲಕ್ಕೂ ಬಡ್ಡಿ ಸಹಾಯಧನವಿದೆ. ಆದರೆ ನೋಂದಾಯಿತ ಗೋದಾಮು ರೈತನ ಊರಿನಿಂದ ದೂರ. ತೊಗರಿ ನಾಲ್ಕು ಚೀಲ ಇರುವವನು ಬಾಡಿಗೆ ಕೊಟ್ಟು ಅಷ್ಟು ದೂರ ಹೋಗಲಾರ. ಬಿತ್ತುವಾಗ ಕೊಟ್ಟ ಸಾಲ ಬೆಳೆ ತೆಗೆಸುತ್ತದೆ, ಕೊಯ್ದ ಮೇಲೆ ಕೊಟ್ಟ ಸಾಲ ಬೆಲೆ ತೆಗೆಸುತ್ತದೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದರ ಲಾಭ ವ್ಯಾಪಾರಿಯ ಪಾಲಾಗುತ್ತದೆ.

ಏನನ್ನು ಎಣಿಸಬೇಕು

ಮಾಡಬೇಕಾದ ಕೆಲಸಗಳು ಅಪರಿಚಿತವಲ್ಲ. ಬಾಯಿಮಾತಿನ ಗೇಣಿದಾರನಿಗೆ, ಒಡೆತನದ ಹಕ್ಕಿಗೆ ಧಕ್ಕೆಯಾಗದಂತೆ, ಆ ವರ್ಷದ ಸಾಗುವಳಿಯ ಚೀಟಿ ಕೊಡಬಹುದು. ನೆರೆಯ ಆಂಧ್ರಪ್ರದೇಶ 2011ರಲ್ಲೂ 2019ರಲ್ಲೂ ಇಂಥ ಕಾಯ್ದೆ ಮಾಡಿತು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದ ಆ ಅನುಭವದಿಂದಲೂ ಕಲಿಯಬಹುದು. ಬಡ್ಡಿ ಸಹಾಯಧನದ ಒಂದು ಪಾಲನ್ನು ಬಾವಿ, ಕೃಷಿಹೊಂಡ, ಹಸು, ಗೋದಾಮಿನ ಸಾಲಕ್ಕೆ ತಿರುಗಿಸಬಹುದು. ಕಂತಿನ ದಿನವನ್ನು ಮಾರ್ಚ್ ಕ್ಯಾಲೆಂಡರಿಗೆ ಕಟ್ಟದೆ, ಬೆಳೆ ಕೈಸೇರಿ ಮಾರಾಟವಾಗುವ ಕಾಲಕ್ಕೆ ಹೊಂದಿಸಬಹುದು. ಪೌತಿ ಖಾತೆಯ ಅರ್ಜಿಗಳನ್ನು ಹಳ್ಳಿಯಲ್ಲೇ ಕೂತು ಮುಗಿಸಬಹುದು, ಹಾಗೆ ಮುಗಿಸುವಾಗ ಹೆಂಡತಿ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಬಹುದು.

ಇದೆಲ್ಲ ಆಗಬೇಕಾದರೆ ಮೊದಲು ಲೆಕ್ಕ ಬದಲಾಗಬೇಕು. ಬಜೆಟ್ ದಿನ ಇಷ್ಟು ಲಕ್ಷ ಕೋಟಿ ಕೃಷಿ ಸಾಲ ಎಂದು ಓದಿದಾಗ ಮೇಜು ಕುಟ್ಟುವುದು ಸಾಕು. ಅದರಲ್ಲಿ ಎಷ್ಟು ಹಳೆಯ ಸಾಲದ ನವೀಕರಣ, ಎಷ್ಟು ಜನ ಇದೇ ಮೊದಲ ಸಲ ಸಾಲ ಪಡೆದವರು, ಎಷ್ಟು ಹೆಣ್ಣುಮಕ್ಕಳು, ಎಷ್ಟು ಗೇಣಿದಾರರು, ಎಷ್ಟು ಬಾವಿ, ಎಷ್ಟು ಹಸು ಎಂದು ಪ್ರತಿ ಜಿಲ್ಲೆಯಲ್ಲೂ ಪ್ರಕಟವಾಗಬೇಕು. ಅದನ್ನು ದೆಹಲಿ, ಬೆಂಗಳೂರು ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಪ್ರತಿ ಸೊಸೈಟಿ ವರ್ಷಕ್ಕೊಮ್ಮೆ ಮಹಾಸಭೆ ಕರೆಯಲೇಬೇಕು. ಅಲ್ಲಿ ವರದಿ ಓದಿ, ಲಾಡು ಹಂಚಿ ಏಳುವ ಮೊದಲು ಸದಸ್ಯರೊಬ್ಬರು ಎದ್ದು ನಿಂತು, ಈ ವರ್ಷ ನಮ್ಮ ಸಂಘದ ಸಾಲದಿಂದ ಊರಲ್ಲಿ ಹೊಸದಾಗಿ ಏನು ಹುಟ್ಟಿತು ಎಂದು ಕೇಳಲಿ. ಉತ್ತರ ಕೊಡಲು ಕಾರ್ಯದರ್ಶಿ ತಡಕಾಡಿದರೆ, ಮುಂದಿನ ವರ್ಷದ ವರದಿಯಲ್ಲಿ ಅದಕ್ಕೊಂದು ಪುಟ ಇರಲೇಬೇಕೆಂದು ಅದೇ ಸಭೆಯಲ್ಲಿ ಠರಾವು ಮಾಡಲಿ.